ಸರಕಾರದ ಕಂಬಳಿ

ಟಿ.ಎ. ಬಿಲ್ಲು ಒಂದು ಸಾಹಿತ್ಯಪ್ರಕಾರವೆಂದು ನಮ್ಮ ವಿಮರ್ಶಕರು ಇನ್ನೂ ಒಪ್ಪಿಲ್ಲ. ಒಪ್ಪದಿರುವುದು ಅವರ ನಷ್ಟ. ಪ್ರವಾಸಕಥನದ ವಿವರ, ನಾಟಕದ ಸ್ಥಳಕಾಲಗಳ ಐಕ್ಯ, ಭಾವಗೀತೆಯ ಆತ್ಮೀಯತೆ, ಎಲ್ಲವೂ ಅದರಲ್ಲಿ ಉಂಟು, ಕಲ್ಪನೆಯಂತೂ ಧಾರಾಳ. ಬಯಲುಸೀಮೆಯ ಒಂದು ಕಚೇರಿಯಲ್ಲಿ ಮೂವತ್ತನಾಲ್ಕು ವರ್ಷ ಕುಳಿತು ಈ ಸಾಹಿತ್ಯವನ್ನು ಕೆಂಪು ಶಾಯಿಯಿಂದ ವಿಮರ್ಶೆ ಮಾಡಿದವನು ನಾನು. ಸ್ಟೇಷನ್ನಿನಿಂದ ಮನೆಗೆ ಇದ್ದ ಎರಡು ಮೈಲಿ ಬಿಲ್ಲಿನಲ್ಲಿ ಐದು ಮೈಲಿಯಾದದ್ದನ್ನು ಕಂಡಿದ್ದೇನೆ. ಸ್ನೇಹಿತನ ಕಾರಿನಲ್ಲಿ ಹಾಯಾಗಿ ಹೋದವರು ಬಸ್ಸಿನಲ್ಲಿ ನಿಂತುಕೊಂಡೇ ಹೋದದ್ದನ್ನು ಓದಿದ್ದೇನೆ. ಒಬ್ಬ ಮಹಾಶಯರು ಒಂದೇ ರಾತ್ರಿ ಎರಡು ಊರುಗಳಲ್ಲಿ ಮಲಗಿದ್ದರು. ಎರಡು ಊರಿನ ರಸೀತಿಯೂ ಇತ್ತು!

ಇದು ನಮ್ಮ ಕಾಲದ ರೋಗವೆಂದು ಯಾರೂ ಮರುಗಬೇಕಾಗಿಲ್ಲ. ದಾರಿಖರ್ಚಿನ ಪ್ರಶ್ನೆ ರಾಜ್ಯಭಾರದಷ್ಟೇ ಹಳೆಯದು. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ದೂತನ ಭತ್ಯೆಯ ದರ ಬರೆದಿದೆ: ಮಧ್ಯಮ ದರ್ಜೆಯ ದೂತನಿಗೆ ಯೋಜನಕ್ಕೆ 10 ಪಣ; ಹತ್ತು ಯೋಜನ ದಾಟಿದ ಮೇಲೆ ನೂರು ಯೋಜನದವರೆಗೆ ಅದರ ಇಮ್ಮಡಿ. ಅದೇ ಗ್ರಂಥದಲ್ಲಿ ಅಧಿಕಾರಿಗಳು ಹಣ ನುಂಗುವ 40 ಬಗೆಗಳನ್ನೂ ಆತ ಪಟ್ಟಿಮಾಡಿದ್ದಾನೆ. ದೂತ ಒಂಬತ್ತು ಯೋಜನ ಹೋಗಿ ಹನ್ನೊಂದು ಎಂದು ಬರೆದರೆ ಏನಾಗುತ್ತದೆಂಬುದು ಚಾಣಕ್ಯನಂಥವನಿಗೆ ಹೊಳೆಯದೆ ಇದ್ದೀತೆ?

ನಮ್ಮ ಕಚೇರಿಗಳ ನಿಯಮ ಇನ್ನೊಂದು ಕಡೆಯಿಂದ ಬಂದದ್ದು. 1922ರ ಜನವರಿ 1ರಿಂದ ಜಾರಿಗೆ ಬಂದ ಬ್ರಿಟಿಷ್ ಇಂಡಿಯಾದ ಮೂಲ ನಿಯಮಗಳಲ್ಲಿ 44ನೆಯದು ಈ ಭತ್ಯೆಗಳ ಗಾಯತ್ರಿ. ಅದರ ತಾತ್ಪರ್ಯ ಇಷ್ಟೆ: ಖರ್ಚು ತುಂಬಿಕೊಡುವುದಕ್ಕಾಗಿ ಕೊಡುವ ಭತ್ಯೆ ಪಡೆಯುವವನಿಗೆ ಲಾಭದ ಮೂಲವಾಗಕೂಡದು. ಹತ್ತಿರದ ದಾರಿಯ ದರವೇ ಸಿಕ್ಕುತ್ತದೆ, ಸುತ್ತುದಾರಿಯದಲ್ಲ; ಕುಳಿತ ದರ್ಜೆಯ ದರವೇ, ಕೂರಬಹುದಾಗಿದ್ದ ದರ್ಜೆಯದಲ್ಲ; ಸರಕಾರವೇ ಊಟ ವಸತಿ ಕೊಟ್ಟರೆ ದಿನಭತ್ಯೆಗೆ ಕತ್ತರಿ; ಒಂದೇ ಪ್ರಯಾಣಕ್ಕೆ ಎರಡು ಕಡೆ ಹಣ ಎತ್ತುವಂತಿಲ್ಲ. ಇವೆಲ್ಲ ಆ ಒಂದು ಸೂತ್ರದ ಭಾಷ್ಯಗಳು. ನನಗೆ ಆ ಸೂತ್ರದ ಮೇಲೆ ಪ್ರೀತಿಯಿತ್ತು. ಕೆಲವರು ಬೆಳಿಗ್ಗೆ ಎದ್ದು ಕೈ ನೋಡಿಕೊಂಡು ಶ್ಲೋಕ ಹೇಳುತ್ತಾರೆ. ನಾನು ಮೇಜಿನ ಮುಂದೆ ಕುಳಿತು ಇದನ್ನು ಹೇಳಿಕೊಳ್ಳುತ್ತಿದ್ದೆ ಎಂದರೆ ಅತಿಶಯವಲ್ಲ.

ನಿವೃತ್ತನಾದ ಮೇಲೆ ಜಾವಳಿಯ ಕಡೆಯ ನಮ್ಮ ಹಳೆಯ ಮನೆಗೆ ಬಂದು ಸೇರಿದೆ. ಮೂಡಿಗೆರೆಯಿಂದ ಕೊಟ್ಟಿಗೆಹಾರಕ್ಕೆ ಬಂದು, ಕಳಸದ ದಾರಿ ಹಿಡಿದು, ಆಮೇಲೆ ಒಳಕ್ಕೆ ತಿರುಗಿದರೆ ನಮ್ಮ ಸೀಮೆ. ಎದುರಿಗೆ ಬಲ್ಲಾಳರಾಯನದುರ್ಗ, ಸುತ್ತ ಕಾಫಿ ತೋಟ, ತೋಟದ ನಡುನಡುವೆ ಉಳಿದಷ್ಟು ಗದ್ದೆ. ಹೇಮಾವತಿ ಹುಟ್ಟುವುದು ಇಲ್ಲಿಯೇ. ಮುಂದೆ ಗೊರೂರಿನಲ್ಲಿ ಅಣೆಕಟ್ಟು ತುಂಬಿ, ಕೃಷ್ಣರಾಜಸಾಗರದ ಹಿನ್ನೀರಿನಲ್ಲಿ ಕಾವೇರಿಯನ್ನು ಸೇರುವ ಆ ದೊಡ್ಡ ಹೊಳೆ ಇಲ್ಲಿ ದೇವಸ್ಥಾನದ ಹತ್ತಿರ ಚೊಂಬಿನಲ್ಲಿ ಮೊಗೆಯಬಹುದಾದಷ್ಟು ನೀರು. ಮಳೆಗಾಲದಲ್ಲಿ ಮಾತ್ರ ಎಲ್ಲಿ ಉಗಮ, ಎಲ್ಲಿ ಅಂಗಳ ಎಂದು ಹೇಳುವುದು ಕಷ್ಟ. ಇಡೀ ಊರೇ ಉಗಮ.

ನಮ್ಮ ಮನೆಯ ಕೆಳಗಿನ ಲೈನಿನಲ್ಲಿ ಒಬ್ಬ ಹೆಂಗಸಿದ್ದಾಳೆ. ಪಕ್ಕದ ತೋಟದಲ್ಲಿ ಆಳಿನ ಕೆಲಸ. 2020ರ ಡಿಸೆಂಬರಿನಲ್ಲಿ ಗ್ರಾಮ ಪಂಚಾಯತಿ ಚುನಾವಣೆ ನಡೆದಾಗ ಅವಳ ವಾರ್ಡು ಮೀಸಲಾಯಿತು. ಯಾರೋ ನಿಲ್ಲಿಸಿದರು, ಅವಳು ಗೆದ್ದಳು. ಯಾವ ಪಂಚಾಯತಿ ಎಂದು ಹೇಳುವುದಿಲ್ಲ. ನಮ್ಮ ಗುಡ್ಡಗಳಲ್ಲಿ ಒಂದು ಹೆಸರು ಹೇಳಿದರೆ ಉಳಿದ ಹತ್ತು ಹೆಸರು ತಾವಾಗಿಯೇ ತಿಳಿಯುತ್ತವೆ. ಅದುವರೆಗೆ ನಾನು ಅವಳನ್ನು ‘ನೀನು’ ಎನ್ನುತ್ತಿದ್ದೆ. ಗೆದ್ದ ಮಾರನೆಯ ದಿನ ಬಾಯಿಗೆ ‘ನೀವು’ ಬಂತು. ಅವಳು ನಕ್ಕು, “ಬಿಡಿ ಅಯ್ಯ, ಐದು ವರ್ಷ ಆದ್ಮೇಲೆ ಮತ್ತೆ ತಿರುಗ್ಸಿ ಹೇಳೋದು ಕಷ್ಟ ಆಗ್ತದೆ,” ಎಂದಳು. ಆದರೂ ನಾನು ಬಿಡಲಿಲ್ಲ. ಇಲ್ಲಿಂದ ಮುಂದೆ ಈ ಬರೆಹದಲ್ಲಿಯೂ ಅವರನ್ನು ಬಹುವಚನದಲ್ಲಿಯೇ ಕರೆಯುತ್ತೇನೆ.

ಅವರಂಥವರು ಆ ಕುರ್ಚಿಯಲ್ಲಿ ಕೂರಲು ಬಹಳ ಕಾಲ ಹಿಡಿಯಿತು. 1983ರ ಕಾಯಿದೆಯನ್ನು ಹಟಹಿಡಿದು ತಂದವರು ಅಬ್ದುಲ್ ನಜೀರ್ ಸಾಬರು. ಹಳ್ಳಿಹಳ್ಳಿಗೆ ಬೋರ್‌ವೆಲ್ ಹಾಕಿಸಿ ‘ನೀರ್ ಸಾಬ್’ ಎನಿಸಿಕೊಂಡವರು. ಅದರಂತೆ 1987ರಲ್ಲಿ ಮಂಡಲ ಪಂಚಾಯತಿಗಳ ಚುನಾವಣೆ ನಡೆದು, ನಾಲ್ಕರಲ್ಲಿ ಒಂದು ಸ್ಥಾನ ಹೆಂಗಸರಿಗೆ ಬಂತು. ಮರುವರ್ಷವೇ ಸಾಬರು ತೀರಿಕೊಂಡರು. ಸಂವಿಧಾನದ 73ನೆಯ ತಿದ್ದುಪಡಿಯ ಬೆನ್ನಿಗೆ ನಮ್ಮ 1993ರ ಪಂಚಾಯತ್ ರಾಜ್ ಕಾಯಿದೆ ಬಂದಾಗ ನಾಲ್ಕರಲ್ಲಿ ಒಂದು ಇದ್ದದ್ದು ಮೂರರಲ್ಲಿ ಒಂದಾಯಿತು, 2010ರಲ್ಲಿ ಅರ್ಧಕ್ಕರ್ಧ. ಗೆದ್ದವರಿಗೆ ಕಲಿಸಲು ಮೈಸೂರಿನಲ್ಲಿ ಸಾಬರ ಹೆಸರಿನದೇ ಒಂದು ಸಂಸ್ಥೆಯುಂಟು. ಅಲ್ಲಿಂದ ಉಪಗ್ರಹದ ಮೂಲಕ ತಾಲ್ಲೂಕು ತಾಲ್ಲೂಕಿಗೆ ಪಾಠ ಕೇಳಿಸುವ ಏರ್ಪಾಡು ಕೂಡ ಆಗಿದೆ.

2021ರಲ್ಲಿ ನಮ್ಮ ಸದಸ್ಯೆಗೂ ತರಬೇತಿಯ ಕರೆ ಬಂತು. ಮೂರು ದಿನ. ತೋಟದಲ್ಲಿ ರೋಬಸ್ಟ ಕುಯ್ಲಿನ ಕಾಲ. ಕೈ ತುಂಬ ಕೆಲಸ. ಮೊದಲನೆಯ ದಿನ ಹೋಗಿ ಬಂದ ಸಂಜೆ ನಮ್ಮ ಜಗಲಿಗೆ ಬಂದರು. ಕೈಯಲ್ಲಿ ನಾಲ್ಕಾಗಿ ಮಡಿಸಿದ ಒಂದು ಕಾಗದ.

“ಅಯ್ಯ, ನೀವು ಈ ಫಾರಂ ಗೀರಂ ಎಲ್ಲ ನೋಡಿದೋರು. ಒಂದು ಮಾತು ಕೇಳ್ಬೇಕು.”

“ಕೇಳಿ.”

“ಹೋಗಿ ಬಂದ ಬಸ್ ಚಾರ್ಜು ಇದ್ರಲ್ಲಿ ಬರೆದು ಕಡೇ ದಿವ್ಸ ಸೈನ್ ಹಾಕಿ ಕೊಡ್ಬೇಕಂತೆ. ನಾವು ಬಸ್ಸಲ್ಲಿ ಹೋಗ್ಲೇ ಇಲ್ವಲ್ಲ? ಜೀಪಲ್ಲಿ ಹೋದ್ವಿ.”

“ಯಾರ ಜೀಪು?”

ಅವರು ಸ್ವಲ್ಪ ತಡೆದರು. ಜೀಪು ಪಂಚಾಯತಿಯ ಮೋರಿ ಚರಂಡಿಗಳ ಕೆಲಸ ಹಿಡಿಯುವ ಕಂಟ್ರಾಕ್ಟರದು. ಮನುಷ್ಯ ಒಳ್ಳೆಯವನೇ. “ಬಸ್ಸಿಗೆ ಎಷ್ಟು ಹೊತ್ತು ಕಾಯ್ತೀರಿ, ಹತ್ತಿ,” ಎಂದು ನಾಲ್ಕು ಜನ ಸದಸ್ಯರನ್ನು ಹತ್ತಿಸಿಕೊಂಡು ಹೋಗಿದ್ದ. ಕಾಯುವ ಮಾತು ಸುಳ್ಳಲ್ಲ. ನಮ್ಮ ಗುಡ್ಡಗಳಲ್ಲಿ ಬಸ್ಸು ಎಂದರೆ ಕೊಪ್ಪದ ಸಹಕಾರ ಸಾರಿಗೆ ಎಂದಿದ್ದ ಕಾಲವುಂಟು. 1991ರಲ್ಲಿ ಕಾರ್ಮಿಕರೇ ಸೇರಿ ಕಟ್ಟಿದ ಆ ಸಂಸ್ಥೆಯ ಬಸ್ಸುಗಳು 2020ರಲ್ಲಿ ನಿಂತುಹೋದವು. ಆಮೇಲೆ ಕಾಯುವುದು ಒಂದು ವೃತ್ತಿಯೇ ಆಗಿತ್ತು. ಜೀಪಿನಲ್ಲಿದ್ದ ಹಿರಿಯ ಸದಸ್ಯರೊಬ್ಬರು, “ಎಲ್ಲರೂ ಬಸ್ಸಿನ ದರವನ್ನೇ ಬರೆಯೋದು, ನೀನೂ ಬರಿ, ಹೇಗೂ ಸರಕಾರದ ದುಡ್ಡು,” ಎಂದು ಬುದ್ಧಿ ಹೇಳಿದ್ದರಂತೆ.

ವಾಚಕರೆ, ಎಷ್ಟೋ ವರ್ಷಗಳ ಮೇಲೆ ನನ್ನ ಕೆಂಪು ಶಾಯಿ ಮೈಯಲ್ಲಿ ಜುಮ್ಮೆಂದಿತು. ಜಗಲಿಯ ಮೇಲೆ ನೆಟ್ಟಗೆ ಕುಳಿತು 44ನೆಯ ನಿಯಮವನ್ನು ಉಪದೇಶಮಾಡಿದೆ. ಖರ್ಚಾಗದ ಹಣವನ್ನು ಖರ್ಚಾಯಿತೆಂದು ಬರೆಯುವುದು ಸುಳ್ಳು ಲೆಕ್ಕ, ಮೊತ್ತ ಹದಿನೆಂಟಾಗಲಿ ಹದಿನೆಂಟು ಸಾವಿರವಾಗಲಿ ಎಂದೆ. ಜೀಪಿನ ಮಾತು ಅದಕ್ಕಿಂತ ದೊಡ್ಡದೆಂದೂ ಹೇಳಿದೆ. ಸಾರ್ವಜನಿಕ ಕರ್ತವ್ಯವುಳ್ಳ ಹುದ್ದೆಯಲ್ಲಿರುವವರೆಲ್ಲ 1988ರ ಭ್ರಷ್ಟಾಚಾರ ತಡೆ ಕಾಯಿದೆಯ ಕಣ್ಣಿಗೆ ಸಾರ್ವಜನಿಕ ನೌಕರರೇ. ತಮ್ಮ ಮುಂದೆ ಕೆಲಸವಿರುವವನಿಂದ ಬಿಟ್ಟಿಯಾಗಿ ಪಡೆಯುವ ಉಪಕಾರವನ್ನು ಆ ಕಾಯಿದೆ ಅನುಮಾನದಿಂದಲೇ ನೋಡುತ್ತದೆ. “ಇವತ್ತು ಅವನ ಜೀಪಿನಲ್ಲಿ ಕುಳಿತಿರಿ. ನಾಳೆ ಅವನ ಚರಂಡಿಯ ಬಿಲ್ಲು ಸಭೆಗೆ ಬರುತ್ತದೆ. ಆಗ ನಿಮ್ಮ ಬಾಯಿ ಏಳುತ್ತದೆಯೆ?” ಎಂದು ಕೇಳಿದೆ.

ಅವರು ಎಲ್ಲವನ್ನೂ ಸಮಾಧಾನದಿಂದ ಕೇಳಿಸಿಕೊಂಡರು. ಆಮೇಲೆ ಫಾರಮನ್ನು ನನ್ನ ಕಡೆಗೆ ತಿರುಗಿಸಿ, “ನನ್ನ ಕೂಲಿ ಇದ್ರಲ್ಲಿ ಎಲ್ಲಿ ಬರೀಲಿ ಅಯ್ಯ?” ಎಂದರು.

“ಯಾವ ಕೂಲಿ?”

“ಮೂರು ದಿವ್ಸ ತೋಟಕ್ಕೆ ಹೋಗಿಲ್ವಲ್ಲ. ದಿನಕ್ಕೆ ಮುನ್ನೂರು ಚಿಲ್ರೆ. ಕುಯ್ಲಿನಲ್ಲಿ ಕೆಜಿ ಲೆಕ್ಕ ಹಿಡಿದ್ರೆ ಇನ್ನೂ ಜಾಸ್ತೀನೇ ಆಗೋದು. ಲಾಭ ಆಗ್ಬಾರ್ದು ಅಂದ್ರಿ, ಸರಿ. ಲುಕ್ಸಾನು ಆಗ್ಬಹುದಾ?”

ಫಾರಮನ್ನು ಮೇಲಿನಿಂದ ಕೆಳಗಿನವರೆಗೆ ಎರಡು ಸಲ ನೋಡಿದೆ. ಹೆಸರು, ಹುದ್ದೆ, ಹೊರಟ ಸ್ಥಳ, ತಲಪಿದ ಸ್ಥಳ, ದರ, ಸಹಿ. ಅವರು ಕೇಳಿದ ಅಂಕಣ ಇರಲಿಲ್ಲ.

44ನೆಯ ನಿಯಮವನ್ನು ಬರೆದವರ ಕಣ್ಣಮುಂದೆ ಇದ್ದವನು ಸಂಬಳದ ನೌಕರ. ಅವನು ತರಬೇತಿಗೆ ಹೋದರೂ ತಿಂಗಳ ಕೊನೆಗೆ ಸಂಬಳ ಬಂದೇ ಬರುತ್ತದೆ. ಭತ್ಯೆ ಅದರ ಮೇಲಿನದು. ಆದ್ದರಿಂದ ಅದರಲ್ಲಿ ಲಾಭವಾಗದಂತೆ ಕಾದರೆ ಸಾಕು. ಸಂಬಳವೇ ಇಲ್ಲದವರು, ಹೋದ ದಿನ ಒಲೆಗೆ ಅರ್ಧ ಸೌದೆ ಎನ್ನುವವರು, ಆ ಕುರ್ಚಿಗೆ ಬರುತ್ತಾರೆಂದು ಅವರಿಗೆ ಹೇಗೆ ತೋಚಬೇಕು? ಪಂಚಾಯತಿ ಸದಸ್ಯರಿಗೆ ಗೌರವಧನವೆಂಬುದು ಇದೆ, ನಿಜ. ಆಕೆ ಗೆದ್ದಾಗ ಅದು ತಿಂಗಳಿಗೆ 1000 ರೂಪಾಯಿ. ತಿಂಗಳಲ್ಲಿ ಒಂದು ಸಭೆ, ಒಂದು ತರಬೇತಿ, ತಾಲ್ಲೂಕು ಕಚೇರಿಗೆ ಒಂದು ಸಲ ಓಡಾಟ ಎಂದರೆ ಗೌರವ ಉಳಿದು ಧನ ಹೋಗುತ್ತದೆ.

ಈ ತೊಡಕು ನಮ್ಮದೊಂದೇ ಅಲ್ಲ. ಕ್ರಿಸ್ತಪೂರ್ವ ಐದನೆಯ ಶತಮಾನದಲ್ಲಿ ಅಥೆನ್ಸ್ ನಗರದಲ್ಲಿ ಪೆರಿಕ್ಲೀಸನು ನ್ಯಾಯಸಭೆಯಲ್ಲಿ ಕೂರುವ ಪೌರರಿಗೆ ದಿನಕ್ಕಿಷ್ಟು ಎಂದು ಕೊಡಲು ಮೊದಲುಮಾಡಿದ. ಇಲ್ಲದಿದ್ದರೆ ಬಡಗಿ, ಕುಂಬಾರರು ಕೆಲಸ ಬಿಟ್ಟು ಬಂದು ಕೂರುವುದೆಂತು? ಇದರಿಂದ ಜನ ಸೋಮಾರಿಗಳೂ ಬಾಯಿಬಡುಕರೂ ಹಣದಾಸೆಯವರೂ ಆದರೆಂಬ ದೂರು ಪ್ಲೇಟೋವಿನ ಸಂವಾದವೊಂದರಲ್ಲಿ ಬರುತ್ತದೆ. ದೂರಿದವರು ಉಳ್ಳವರ ಕಡೆಯವರು ಎಂಬುದನ್ನು ಮರೆಯಬಾರದು. ಆ ಸಭೆಯಲ್ಲಿ ಹೆಂಗಸರಿಗೂ ದಾಸರಿಗೂ ಸ್ಥಾನವಿರಲಿಲ್ಲ ಎಂಬುದನ್ನೂ ಮರೆಯಬಾರದು. ಇಂಗ್ಲೆಂಡಿನಲ್ಲಿ ಸ್ಥಳೀಯ ಸಂಸ್ಥೆಗಳ ಸದಸ್ಯತ್ವ ಬಹುಕಾಲ ಬಿಡುವುಳ್ಳವರ ಗೌರವಸೇವೆಯಾಗಿತ್ತು. 1948ರ ಕಾಯಿದೆ ಬಂದ ಮೇಲೆ ಸಭೆಗಾಗಿ ದುಡಿಮೆ ಕಳೆದುಕೊಂಡ ಸದಸ್ಯರಿಗೆ ನಷ್ಟದ ಭತ್ಯೆಯೆಂದೇ ಒಂದು ಭತ್ಯೆ ಹುಟ್ಟಿತು. ನಮ್ಮ ಕೆಳಗಿನ ಲೈನಿನವರು ಕೇಳಿದ ಅಂಕಣ ಅದೇ. ಅವರು ಇಂಗ್ಲೆಂಡಿನ ಹೆಸರನ್ನು ಕೇಳಿದ್ದರೆ ಹೆಚ್ಚು.

ನಾವು ಮಕ್ಕಳಿಗೆ ಹೇಳುವ ಕಥೆ ವಿಶ್ವೇಶ್ವರಯ್ಯನವರ ಎರಡು ಮೇಣದಬತ್ತಿಯದು: ಸರಕಾರದ ಕೆಲಸಕ್ಕೆ ಸರಕಾರದ ಬತ್ತಿ, ಸ್ವಂತ ಕೆಲಸಕ್ಕೆ ಸ್ವಂತದ ಬತ್ತಿ. ಕೇಳಲು ಸೊಗಸಾದ ಕಥೆ. ಆದರೆ ಅದನ್ನು ಪಾಲಿಸಲು ಮನೆಯಲ್ಲಿ ಸ್ವಂತದ ಬತ್ತಿ ಒಂದಾದರೂ ಇರಬೇಕಷ್ಟೆ.

ಅಂದು ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ಕೂಲಿಯ ಪ್ರಶ್ನೆಯೊಂದೇ ಆಗಿದ್ದರೆ ಸರಕಾರದ ಮೇಲೆ ಹಾಕಿ ಮಲಗಿಬಿಡಬಹುದಾಗಿತ್ತು. ನನ್ನನ್ನು ಎಚ್ಚರವಿಟ್ಟದ್ದು ಬೇರೆ. ಇಷ್ಟು ವರ್ಷ ಯಾರಿಗೂ ಹೇಳದ ಮಾತು, ಈಗ ಹೇಳುತ್ತೇನೆ.

1984ರಲ್ಲಿ ನನ್ನನ್ನು ಲೆಕ್ಕಪತ್ರದ ತರಬೇತಿಗೆಂದು ಮೈಸೂರಿಗೆ ಕಳುಹಿಸಿದ್ದರು. ನಾಲ್ಕು ರಾತ್ರಿ. ಅಲ್ಲಿ ನನ್ನ ಸೋದರತ್ತೆಯ ಮನೆಯಿತ್ತು. ಅಲ್ಲಿಯೇ ಇಳಿದೆ, ಅಲ್ಲಿಯೇ ಉಂಡೆ. ಹೊರಡುವ ದಿನ ಜೊತೆಯವನೊಬ್ಬ, “ನಿನಗೆ ಲಾಡ್ಜಿನ ರಸೀತಿ ಬೇಡವೇನೋ?” ಎಂದು ಒಂದನ್ನು ಬರೆಸಿಕೊಟ್ಟ. ರಾತ್ರಿಗೆ 18 ರೂಪಾಯಿಯಂತೆ 72 ರೂಪಾಯಿ. ಲಗತ್ತಿಸಿದೆ, ಪಾಸಾಯಿತು. ಪಾಸು ಮಾಡಿದ ಮೇಜಿನವನು ನನ್ನ ಗೆಳೆಯ. ಆ ಹಣಕ್ಕೆ ಇನ್ನಷ್ಟು ಸೇರಿಸಿ ಅಪ್ಪನಿಗೆ ಒಂದು ಒಳ್ಳೆಯ ಕರಿ ಕಂಬಳಿ ಕೊಂಡುಕೊಂಡು ಊರಿಗೆ ಬಂದೆ. ಮಳೆಗಾಲದ ಬಾಗಿಲು, ಅಪ್ಪನ ಹಳೆಯ ಕಂಬಳಿ ಕೊಪ್ಪೆ ಹಾಕಿದರೆ ಬೆನ್ನಿನಲ್ಲಿ ಸೋರುತ್ತಿತ್ತು.

“ಇಷ್ಟು ದುಡ್ಡು ಎಲ್ಲಿಂದ ಬಂತೋ?” ಎಂದು ಅಪ್ಪ ಕೇಳಿದರು.

“ತರಬೇತಿಗೆ ಹೋಗಿದ್ದಕ್ಕೆ ಸರಕಾರ ಕೊಟ್ಟಿತು,” ಎಂದೆ.

ಅಪ್ಪನ ಸಂತೋಷ ಹೇಳತೀರದು. ಗದ್ದೆಯ ಬದುವಿನಲ್ಲಿ ಸಿಕ್ಕಿದವರಿಗೆಲ್ಲ ಕೊಪ್ಪೆ ಮುಟ್ಟಿ ತೋರಿಸುವರು: “ಇದು ಸರಕಾರದ ಕಂಬಳಿ. ನಮ್ಮ ಹುಡುಗನ ಕೆಲಸ ಮೆಚ್ಚಿ ಕೊಟ್ಟಿದ್ದು.” ಅವರಿರುವವರೆಗೆ ಮನೆಯಲ್ಲಿ ಅದರ ಹೆಸರು ‘ಸರಕಾರದ ಕಂಬಳಿ’ಯೇ ಆಯಿತು. ಅದೊಂದು ಹೆಸರು ಕೇಳಿದಾಗಲೆಲ್ಲ ನನ್ನ ಕಿವಿ ಕಾಯುತ್ತಿತ್ತು.

ಇದಿಷ್ಟೇ ಆದರೆ ಬಡತನದ ಮೇಲೆ ಹಾಕಬಹುದಿತ್ತೇನೋ. ಅದೇ ವರ್ಷ, ನಾಲ್ಕು ತಿಂಗಳಿಗೆ, ನನ್ನನ್ನು ಟಿ.ಎ. ಬಿಲ್ಲಿನ ಮೇಜಿಗೆ ಹಾಕಿದರು. ಮೊದಲ ವಾರ ಬಂದದ್ದು ಮುದುಕ ಜವಾನನೊಬ್ಬನ ಬಿಲ್ಲು. ಕಡತ ಹೊತ್ತು ಬೇರೆ ಊರಿಗೆ ಹೋಗಿ ಬಂದಿದ್ದ, ಆರೂವರೆ ರೂಪಾಯಿ, ಟಿಕೆಟ್ಟು ಮಳೆಯಲ್ಲಿ ನೆನೆದು ಹೋಯಿತೆಂದ. ಹೋಗಿದ್ದನ್ನು ನಾನೇ ಕಣ್ಣಾರೆ ಕಂಡಿದ್ದೆ. ಆದರೂ ‘ಟಿಕೆಟ್ಟು ಲಗತ್ತಿಸಿಲ್ಲ’ ಎಂದು ಬರೆದು ಕಳೆದೆ. “ಹೋಗ್ಲಿ ಬಿಡಿ ಸ್ವಾಮಿ,” ಎಂದು ಅವನು ಹೊರಗೆ ಹೋಗಿ ಸ್ಟೂಲಿನ ಮೇಲೆ ಕುಳಿತ. ನಿಜವಾದ ಪ್ರಯಾಣಕ್ಕೆ ಕಾಗದವಿರಲಿಲ್ಲ. ನನ್ನ ಸುಳ್ಳು ವಸತಿಗೆ ಕಾಗದವಿತ್ತು. ಕಂಬಳಿಯ ಮೇಲೆ ಊಟಕ್ಕೆ ಕುಳಿತು ಕೂದಲು ಆರಿಸಿದರು ಎನ್ನುತ್ತದೆ ಗಾದೆ. ನಾನು ಇನ್ನೊಬ್ಬರ ಎಲೆಯಲ್ಲಿ ಕೂದಲು ಆರಿಸಿದೆ, ಮೂವತ್ತು ವರ್ಷ.

ಬೆಳಿಗ್ಗೆ ಆಕೆ ಮನೆಯ ಮುಂದೆ ಹಾದುಹೋಗುವಾಗ ಕರೆದು, ನಿನ್ನೆಯ ಉಪದೇಶದಲ್ಲಿ ಸ್ವಲ್ಪ ಕಡಮೆ ಮಾಡಿಕೊಳ್ಳಬೇಕೆಂದು ಹೇಳುವುದರಲ್ಲಿದ್ದೆ. ಅವರು ಆಗಲೇ ಬಸ್ಸಿನ ದಾರಿ ಹಿಡಿದಿದ್ದರು. ಜೀಪು ಬಂದಿತ್ತು, ಹತ್ತಲಿಲ್ಲವಂತೆ. ಬಸ್ಸು ಒಂದು ಗಂಟೆ ತಡವಾಗಿ, ಅವರು ಒಳಗೆ ಹೋದಾಗ ಪಾಠ ಅರ್ಧ ಮುಗಿದಿತ್ತು. ಮೂರನೆಯ ದಿನ ಫಾರಮಿನಲ್ಲಿ ಮೊದಲ ದಿನದ ದರದ ಮುಂದೆ ‘ಜೀಪಿನಲ್ಲಿ ಬಂದೆ’ ಎಂದು ಬರೆದು, ಉಳಿದ ಎರಡು ದಿನದ್ದನ್ನು ಮಾತ್ರ ತೆಗೆದುಕೊಂಡರು. ಜೊತೆಯವರಿಗೆ ಸಿಟ್ಟು ಬಂತು. ನಾಲ್ವರು ಒಂದೇ ಜೀಪಿನಲ್ಲಿ ಬಂದು ಒಬ್ಬರು ಮಾತ್ರ ಹಾಗೆ ಬರೆದರೆ ಉಳಿದ ಮೂವರ ಗತಿಯೇನು? “ನಿನ್ನೊಬ್ಬಳಿಂದ,” ಎಂದು ಅವರು ಬೈದುಕೊಂಡೇ ತಮ್ಮ ಫಾರಮುಗಳನ್ನು ತಿದ್ದಿದರು.

ಎರಡು ತಿಂಗಳ ಮೇಲೆ ಚರಂಡಿಯ ಬಿಲ್ಲು ಸಭೆಗೆ ಬಂತು. ಈಕೆ ಎದ್ದು, ಅಳತೆ ಮಾಡಿದವರು ಯಾರು, ನಮ್ಮ ಲೈನಿನ ಹತ್ತಿರ ಚರಂಡಿ ಮುಗಿದೇ ಇಲ್ಲವಲ್ಲ ಎಂದು ಕೇಳಿದರಂತೆ. ಅದರಿಂದ ಲೋಕವೇನೂ ತಲೆಕೆಳಗಾಗಲಿಲ್ಲ. ಬಿಲ್ಲು ಮುಂದಿನ ಸಭೆಗೆ ಹೋಯಿತು. ಉಳಿದ ಹತ್ತು ಮಾರು ಚರಂಡಿಯೂ ಆಯಿತು. ಆಮೇಲೆ ಬಿಲ್ಲೂ ಪಾಸಾಯಿತು. ಕಂಟ್ರಾಕ್ಟರು ಈಗಲೂ ಅವರನ್ನು ಕಂಡರೆ ಜೀಪು ನಿಧಾನಮಾಡುತ್ತಾನೆ. ಅವರು ಕೈಮುಗಿದು ನಡೆಯುತ್ತಾರೆ. 2023ರ ಜೂನ್ 11ರಿಂದ ಸರಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಶೂನ್ಯ ದರದ ಟಿಕೆಟ್ಟು ಬಂದಾಗ, “ಇನ್ನು ಆ ಫಾರಮಿನಲ್ಲಿ ಸೊನ್ನೆ ಬರೆದು ಸೈನ್ ಹಾಕೋದು, ಅಲ್ವಾ ಅಯ್ಯ?” ಎಂದು ನನ್ನನ್ನು ತಮಾಷೆ ಮಾಡಿದರು.

ಈಚೆಗೆ ನಾನೊಂದು ಕೆಲಸ ಮಾಡಿದೆ. 72 ರೂಪಾಯಿಯನ್ನು ಚಲನ್ ಮೂಲಕ ಸರಕಾರಕ್ಕೆ ಕಟ್ಟಿಬಿಡೋಣವೆಂದು ಹೊರಟೆ. ಕಂಪ್ಯೂಟರಿನ ಮುಂದಿದ್ದ ಹುಡುಗ, “ಯಾವ ಹೆಡ್ಡಿಗೆ ಸಾರ್?” ಎಂದ. ಭೂಕಂದಾಯ, ಮುದ್ರಾಂಕ, ದಂಡ, ಶುಲ್ಕ, ಎಲ್ಲಕ್ಕೂ ಲೆಕ್ಕಶೀರ್ಷಿಕೆಯಿದೆ, ಕಂಬಳಿಗೆ ಇರಲಿಲ್ಲ. ಕೊನೆಗೆ ‘ಇತರೆ ಸ್ವೀಕೃತಿ’ ಎಂದು ಕಟ್ಟಿಸಿಕೊಂಡ. ಮುದುಕ ಜವಾನನ ಆರೂವರೆ ರೂಪಾಯಿಯನ್ನು ಕಟ್ಟಲು ಮಾತ್ರ ಯಾವ ಶೀರ್ಷಿಕೆಯೂ ಇಲ್ಲ. ಅವನು ಹೋಗಿ ಬಹಳ ವರ್ಷವಾಯಿತು.

ಊರಿಗೆ ಬಂದು ಚಲನನ್ನು ಜಗಲಿಯಲ್ಲಿ ಆಕೆಗೆ ತೋರಿಸಿದೆ, ಕಥೆಯನ್ನೂ ಹೇಳಿದೆ. ಅವರು ನಗಲಿಲ್ಲ. ಕಾಗದವನ್ನು ತಿರುಗಿಸಿ ನೋಡಿ, ಸ್ವಲ್ಪ ಹೊತ್ತು ಸುಮ್ಮನಿದ್ದು, “ಅಯ್ಯ, ಆ ಇತರೆ ಅನ್ನೋ ಹೆಡ್ಡಿಂದ ನನ್ನ ಮೂರು ದಿವಸದ ಕೂಲಿ ಕೊಡ್ಸೋಕಾಗಲ್ವಾ?” ಎಂದರು.

ಮೂವತ್ತನಾಲ್ಕು ವರ್ಷ ಆಕ್ಷೇಪಣೆ ಬರೆದ ಕೈ ನನ್ನದು. ಈ ಮಾತಿಗೆ ಬರೆಯಲು ಒಂದು ಆಕ್ಷೇಪಣೆಯೂ ಹೊಳೆಯಲಿಲ್ಲ.